ಸಿಬ್ಬಂದಿಯಿಲ್ಲದ ರಾತ್ರಿ ಮಳಿಗೆ: ಸಾರಿನ ಪುಡಿಯನ್ನೂ ಹುಳಿ ಪುಡಿಯನ್ನೂ ಯಂತ್ರ ಬೇರೆಬೇರೆಯಾಗಿ ಗುರುತಿಸಬಲ್ಲುದೇ?

ಪುನರ್ಪುಳಿ_ಉಡುಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉಡುಪಿ ಮತ್ತು ಕಾಪು ಕಡೆಯ ಕೆಲವು ಸ್ವಸಹಾಯ ಗುಂಪುಗಳ ಮಹಿಳೆಯರು ಮನೆಯಲ್ಲಿ ತಯಾರಿಸುವ ತಿಂಡಿ ತಿನಿಸುಗಳನ್ನು ಒಟ್ಟುಗೂಡಿಸಿ ಮಾರುವ ಸಣ್ಣ ಮಳಿಗೆಯೊಂದರ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಮಣಿಪಾಲದಲ್ಲಿ ಆಸ್ಪತ್ರೆಗೂ ವಿದ್ಯಾರ್ಥಿ ನಿಲಯಗಳಿಗೂ ಹತ್ತಿರದಲ್ಲಿ ನಮಗೊಂದು ಕೋಣೆ ಬಾಡಿಗೆಗೆ ಸಿಗುವ ಸಂಭವವಿದೆ. ಹಗಲಿನಲ್ಲಿ ನಮ್ಮವರೇ ಕುಳಿತು ಮಾರುತ್ತಾರೆ. ರಾತ್ರಿ ಒಂಬತ್ತರ ನಂತರ ಯಾರನ್ನೂ ಒಂಟಿಯಾಗಿ ಕೂರಿಸಬಾರದೆಂದು ಸಭೆಯಲ್ಲಿ ತೀರ್ಮಾನಿಸಿದ್ದೇವೆ. ಆದರೆ ರೋಗಿಗಳ ಜೊತೆಗಿರುವವರಿಗೆ ಅಪರಾತ್ರಿಯಲ್ಲಿ ಒಂದು ಪೊಟ್ಟಣ ಬಿಸ್ಕತ್ತೋ ಚಕ್ಕುಲಿಯೋ ಬೇಕೆಂದರೆ ದೂರ ನಡೆಯಬೇಕಾಗುತ್ತದೆ ಎಂಬುದನ್ನು ನಾವು ಬಲ್ಲೆವು. ಆದ್ದರಿಂದ ರಾತ್ರಿ ಹೊತ್ತು ಮಾರುವವರಿಲ್ಲದೆ ನಡೆಯುವ ಅಂಗಡಿಯ ಯೋಚನೆ ಬಂದಿದೆ.

ಸಂಪರ್ಕಿಸಿದ ಒಬ್ಬ ಪೂರೈಕೆದಾರರು, ಮಾಡಿನಲ್ಲಿ ಕ್ಯಾಮೆರಾಗಳನ್ನು ಹಾಕಿಬಿಟ್ಟರೆ ಯಾರು ಏನು ತೆಗೆದುಕೊಂಡರೆಂಬುದನ್ನು ಅದೇ ಗುರುತಿಸಿ ಬಿಲ್ ಮಾಡುತ್ತದೆ ಎಂದು ಹೇಳಿದರು. ನಮ್ಮಲ್ಲಿರುವ ಸರಕಿನ ಅರ್ಧದಷ್ಟು ಬಾರ್‌ಕೋಡ್ ಇರುವ ಕಂಪನಿ ಮಾಲು. ಉಳಿದದ್ದು ಹಲಸಿನ ಹಪ್ಪಳ, ಉದ್ದಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಶರಬತ್ತು, ಸಾರಿನ ಪುಡಿ, ಹುಳಿ ಪುಡಿ ಇಂಥವು. ಇವೆಲ್ಲ ಪಾರದರ್ಶಕ ಪ್ಲಾಸ್ಟಿಕ್ ಚೀಲಗಳಲ್ಲಿಯೂ ಬಾಟಲಿಗಳಲ್ಲಿಯೂ ಬರುತ್ತವೆ, ಒಂದು ಮನೆಯಿಂದ ಬಂದ ಪೊಟ್ಟಣ ಇನ್ನೊಂದು ಮನೆಯದರಂತೆ ಇರುವುದಿಲ್ಲ. ಸಾರಿನ ಪುಡಿಯನ್ನೂ ಹುಳಿ ಪುಡಿಯನ್ನೂ ಚೀಟಿ ಓದದೆ ನಾನೇ ಬೇರೆ ಮಾಡಲಾರೆ. ಕ್ಯಾಮೆರಾ ಹೇಗೆ ಮಾಡೀತು? ತೆಗೆದದ್ದನ್ನು ಬೇರೆ ಜಾಗದಲ್ಲಿಟ್ಟು ಹೋದರೆ ಏನಾಗುತ್ತದೆ? ಪ್ರತಿ ಪೊಟ್ಟಣಕ್ಕೆ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೊ ಅಲೆಯಿಂದ ಓದಬಹುದಾದ ಗುರುತಿನ ಚೀಟಿ) ಅಂಟಿಸುವುದು ಒಳ್ಳೆಯದೇ? ಹಣ ಮೊದಲೋ ಸರಕು ಮೊದಲೋ? ಈ ಕೆಲಸವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು. ಇದು ಸದಸ್ಯೆಯರ ಉಳಿತಾಯದ ಹಣ, ಪ್ರಯೋಗಕ್ಕೆಂದು ಕಳೆಯುವಂತಿಲ್ಲ.

ಕದ್ರಿ_ಇಂಜಿನಿಯರ್

ನಾನು ಚಿತ್ರಗಳಿಂದ ವಸ್ತುಗಳನ್ನು ಗುರುತಿಸುವ ತಂತ್ರಾಂಶದ ಕೆಲಸ ಮಾಡುವವನು. ನಿಮ್ಮ ಪೂರೈಕೆದಾರರು ಎರಡು ಬೇರೆಬೇರೆ ಕಷ್ಟಗಳನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಾರೆ. ತೆಗೆದದ್ದು ಯಾವ ಸರಕು ಎಂಬುದು ಒಂದು, ಅದನ್ನು ತೆಗೆದವರು ಯಾರು ಎಂಬುದು ಇನ್ನೊಂದು. ಹೊರಗಿನವರಿಗೆ ಮೊದಲನೆಯದೇ ಕಷ್ಟವೆಂದು ತೋರುತ್ತದೆ. ಕೆಲಸಕ್ಕೆ ಇಳಿದವರಿಗೆ ಎರಡನೆಯದು ಹೆಚ್ಚು ಕಷ್ಟ.

ಸರಕನ್ನು ಗುರುತಿಸುವುದು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಚಿತ್ರದಲ್ಲಿ ಎಲ್ಲೆಲ್ಲಿ ವಸ್ತುಗಳಿವೆ ಎಂಬುದನ್ನು ತಂತ್ರಾಂಶ ಮೊದಲು ಹುಡುಕುತ್ತದೆ. ಅನಂತರ ಪ್ರತಿಯೊಂದು ವಸ್ತುವಿನ ಚಿತ್ರವನ್ನು ಕೆಲವು ನೂರು ಸಂಖ್ಯೆಗಳ ಒಂದು ಸಾಲಾಗಿ ಮಾರ್ಪಡಿಸಿ, ಮೊದಲೇ ಸಂಗ್ರಹಿಸಿಟ್ಟ ಮಾದರಿ ಚಿತ್ರಗಳ ಸಾಲುಗಳೊಂದಿಗೆ ಹೋಲಿಸಿ, ಅತ್ಯಂತ ಹತ್ತಿರವಾದದ್ದನ್ನು ಆರಿಸುತ್ತದೆ. ಈ ಕ್ರಮದ ದೊಡ್ಡ ಅನುಕೂಲವೆಂದರೆ, ಹೊಸ ಸರಕು ಬಂದಾಗ ಇಡೀ ವ್ಯವಸ್ಥೆಗೆ ಮೊದಲಿನಿಂದ ತರಬೇತಿ ಕೊಡಬೇಕಾಗಿಲ್ಲ. ಹಲವು ಕೋನಗಳಿಂದ ತೆಗೆದ ಮಾದರಿ ಚಿತ್ರಗಳನ್ನು ಸೇರಿಸಿದರೆ ಬಹುಮಟ್ಟಿಗೆ ಸಾಕಾಗುತ್ತದೆ. ಮುದ್ರಿತ ಹೊದಿಕೆಯಿರುವ ಬಿಸ್ಕತ್ತು, ಸಾಬೂನುಗಳ ಮಟ್ಟಿಗೆ ಇದು ಇಂದು ಚೆನ್ನಾಗಿಯೇ ನಡೆಯುತ್ತಿದೆ.

ತೊಂದರೆ ಹುಟ್ಟುವುದು ಮಾದರಿ ಚಿತ್ರಕ್ಕೂ ನಿಜವಾದ ಅಂಗಡಿಗೂ ಇರುವ ಅಂತರದಲ್ಲಿ. 2019ರಲ್ಲಿ ಚೀನಾದ ಸಂಶೋಧಕರು ಇದನ್ನೇ ಅಧ್ಯಯನ ಮಾಡುವುದಕ್ಕಾಗಿ 200 ಬಗೆಯ ಸರಕುಗಳ 80 ಸಾವಿರಕ್ಕೂ ಹೆಚ್ಚು ಚಿತ್ರಗಳ ಸಂಗ್ರಹವೊಂದನ್ನು ಬಿಡುಗಡೆ ಮಾಡಿದರು. ತರಬೇತಿಯ ಚಿತ್ರಗಳಲ್ಲಿ ಒಂದೊಂದೇ ಸರಕು ತಿರುಗುವ ಮಣೆಯ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಪರೀಕ್ಷೆಯ ಚಿತ್ರಗಳಲ್ಲಿ ಹಲವು ಸರಕುಗಳು ಒಂದರ ಪಕ್ಕ ಒಂದು ಹರಡಿಕೊಂಡಿರುತ್ತವೆ. ಒಂಟಿ ಚಿತ್ರಗಳಿಂದ ಮಾತ್ರ ಕಲಿತ ತಂತ್ರಾಂಶ ಗುಂಪಿನ ಮುಂದೆ ಎಡವುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ನಿಮ್ಮ ಕೋಣೆಯಲ್ಲಿ ಇದರ ಜೊತೆಗೆ ಗ್ರಾಹಕರ ಅಂಗೈ ಅರ್ಧ ಪೊಟ್ಟಣವನ್ನು ಮುಚ್ಚಿರುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ದೀಪ ಹೊಳೆಯುತ್ತಿರುತ್ತದೆ, ಹಪ್ಪಳದ ಕಟ್ಟು ಪ್ರತಿ ಸಲವೂ ಬೇರೆ ರೀತಿಯಲ್ಲಿ ಮಡಚಿಕೊಂಡಿರುತ್ತದೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಪಾರದರ್ಶಕ ಚೀಲದಲ್ಲಿರುವ ಸಾರಿನ ಪುಡಿಯನ್ನೂ ಹುಳಿ ಪುಡಿಯನ್ನೂ ಬಣ್ಣದಿಂದ ಬೇರ್ಪಡಿಸುವ ಭಾರವನ್ನು ಕ್ಯಾಮೆರಾದ ಮೇಲೆ ಹೊರಿಸಲೇಬಾರದು. ಇಂದು ಸರಿಯಾಗಿ ಗುರುತಿಸಿದರೂ ನಾಳೆ ಇನ್ನೊಂದು ಮನೆಯ ಮೆಣಸು ಸ್ವಲ್ಪ ಹೆಚ್ಚು ಕೆಂಪಾಗಿದ್ದರೆ ಅದು ತಪ್ಪುತ್ತದೆ. ಪೊಟ್ಟಣವೇ ತನ್ನನ್ನು ಗುರುತಿಸಿಕೊಳ್ಳುವಂತೆ ಮಾಡುವುದು ನಿಮ್ಮ ಕೈಯಲ್ಲಿಯೇ ಇದೆ. ಸಾರಿನ ಪುಡಿಗೆ ಒಂದು ಬಣ್ಣದ ಅಗಲವಾದ ಪಟ್ಟಿ, ಹುಳಿ ಪುಡಿಗೆ ಇನ್ನೊಂದು; ಆ ಪಟ್ಟಿ ಚೀಲದ ಮುಂದೆಯೂ ಹಿಂದೆಯೂ ಕಾಣಬೇಕು. ತಯಾರಿಸುವ ಮನೆ ಯಾವುದೇ ಇರಲಿ, ಪಟ್ಟಿ ಒಂದೇ ಇರಲಿ. ಹಣ ಹಾಕುವುದಿದ್ದರೆ ಒಳ್ಳೆಯ ಕ್ಯಾಮೆರಾಕ್ಕಿಂತ ಮೊದಲು ಒಳ್ಳೆಯ ಲೇಬಲ್ ಮುದ್ರಕಕ್ಕೆ ಹಾಕಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇನ್ನು ಯಾರು ತೆಗೆದರೆಂಬ ಪ್ರಶ್ನೆ. ಅಮೆಜಾನ್ ಸಂಸ್ಥೆ 2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಅಮೆಜಾನ್ ಗೋ ಅಂಗಡಿಯಲ್ಲಿ ಮಾಡಿನ ತುಂಬ ಕ್ಯಾಮೆರಾಗಳಿದ್ದವು, ಶೆಲ್ಫುಗಳಲ್ಲಿ ತೂಕ ಅಳೆಯುವ ಸಂವೇದಕಗಳಿದ್ದವು. ಒಳಬಂದ ಪ್ರತಿಯೊಬ್ಬರನ್ನೂ ಹೊರಹೋಗುವ ತನಕ ಹಿಂಬಾಲಿಸಿ, ಯಾವ ಕೈ ಯಾವ ಶೆಲ್ಫಿಗೆ ಹೋಯಿತೆಂದು ಲೆಕ್ಕ ಹಾಕುವ ವ್ಯವಸ್ಥೆ ಅದು. ಅದೇ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಅಮೆರಿಕದ ತನ್ನ ದೊಡ್ಡ ಫ್ರೆಶ್ ದಿನಸಿ ಮಳಿಗೆಗಳಿಂದ ಆ ವ್ಯವಸ್ಥೆಯನ್ನು ಹಿಂತೆಗೆಯುವುದಾಗಿಯೂ, ಅದರ ಬದಲು ಸರಕನ್ನು ತಾನೇ ಗುರುತಿಸುವ ತಳ್ಳುಗಾಡಿಗಳನ್ನು ಕೊಡುವುದಾಗಿಯೂ ಪ್ರಕಟಿಸಿತು. ವ್ಯವಹಾರಗಳನ್ನು ಪರಿಶೀಲಿಸಲು ಭಾರತದಲ್ಲಿ ಬಹಳಷ್ಟು ಜನ ಕುಳಿತಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಸಂಸ್ಥೆ ಅದನ್ನು ಒಪ್ಪದೆ, ಅವರ ಮುಖ್ಯ ಕೆಲಸ ತಂತ್ರಾಂಶದ ತರಬೇತಿಗಾಗಿ ದೃಶ್ಯಗಳನ್ನು ಗುರುತು ಮಾಡುವುದು, ಪರಿಶೀಲನೆ ನಡೆಯುವುದು ಒಂದು ಸಣ್ಣ ಪಾಲಿನ ವ್ಯವಹಾರಗಳಿಗೆ ಮಾತ್ರ ಎಂದಿತು. ಏನೇ ಇರಲಿ, ಹಿಂದೆ ಮನುಷ್ಯರು ಇದ್ದರು ಎಂಬುದು ನಿಜ. ಅಷ್ಟೊಂದು ಸಾಮರ್ಥ್ಯವಿರುವ ಸಂಸ್ಥೆಗೇ ದುಬಾರಿಯಾದದ್ದನ್ನು ನೀವು ಕೈಗೆತ್ತಿಕೊಳ್ಳಬೇಕಾಗಿಲ್ಲ.

ನಿಮಗೆ ಬೇಕಾದದ್ದು ಜನ ಒಳಗೆ ತಿರುಗಾಡುವ ಅಂಗಡಿಯಲ್ಲ, ಗಾಜಿನ ಬಾಗಿಲಿನ ಬೀರುಗಳು. ಗ್ರಾಹಕರು ಬಾಗಿಲ ಮೇಲಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದಾಗ ಬೀಗ ತೆರೆಯುತ್ತದೆ, ಬೇಕಾದದ್ದನ್ನು ತೆಗೆದು ಬಾಗಿಲು ಮುಚ್ಚುತ್ತಾರೆ, ತೆರೆಯುವ ಮೊದಲಿನ ಸ್ಥಿತಿಗೂ ಮುಚ್ಚಿದ ನಂತರದ ಸ್ಥಿತಿಗೂ ಇರುವ ವ್ಯತ್ಯಾಸವೇ ಬಿಲ್ ಆಗುತ್ತದೆ. ಒಂದು ಬಾಗಿಲು ಒಂದು ಸಲಕ್ಕೆ ಒಬ್ಬರದೇ ಆದ್ದರಿಂದ ಯಾರು ತೆಗೆದರೆಂಬ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಗ್ರಾಹಕರ ಮುಖದ ಕಡೆಗೆ ಕ್ಯಾಮೆರಾ ತಿರುಗಿಸುವ ಅಗತ್ಯವೂ ಬೀಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಬೇಡದ ಮುಖಗಳನ್ನು ಸಂಗ್ರಹಿಸದೇ ಇರುವುದು ಸಣ್ಣ ಸಂಸ್ಥೆಗಳಿಗೆ ದೊಡ್ಡ ನೆಮ್ಮದಿ. ಅದರಲ್ಲಿಯೂ ಆಸ್ಪತ್ರೆಯ ಹತ್ತಿರ.

ಹಂಪನಕಟ್ಟ_ವ್ಯಾಪಾರಿ

ಮೇಲಿನವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ಬೀರುವಿನ ಒಳಗೆ ನಿಜವಾದ ಕೆಲಸ ಮಾಡುವುದು ಕ್ಯಾಮೆರಾಕ್ಕಿಂತ ಸರಕಿಡುವ ತಟ್ಟೆಯ ಅಡಿಯಲ್ಲಿರುವ, ತೂಕ ಅಳೆಯುವ ಲೋಡ್ ಸೆಲ್ ಎಂಬುದನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಹೇಳಬೇಕೆನಿಸುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿರುವುದೂ ಅದೇ. ಭಾರ ಬಿದ್ದಾಗ ಲೋಹದ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಎಳೆಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ತೂಕವಾಗಿ ಕಾಣಿಸುತ್ತದೆ.

ಒಂದು ತಟ್ಟೆಯಲ್ಲಿ ಒಂದೇ ಸರಕು ಇಟ್ಟರೆ, ಯಾವುದು ಹೋಯಿತೆಂಬುದನ್ನು ತಟ್ಟೆಯೇ ಹೇಳುತ್ತದೆ, ಎಷ್ಟು ಹೋಯಿತೆಂಬುದನ್ನು ತೂಕ ಹೇಳುತ್ತದೆ. ನಿಮ್ಮ ಹಪ್ಪಳದ ಕಟ್ಟು 200 ಗ್ರಾಂ, ಕಟ್ಟಿಂದ ಕಟ್ಟಿಗೆ 5 ಗ್ರಾಂ ಆಚೀಚೆ ಆಗುತ್ತದೆ ಎಂದುಕೊಳ್ಳೋಣ. ತಟ್ಟೆಯಿಂದ 607 ಗ್ರಾಂ ಕಡಿಮೆಯಾದರೆ ಹೋದದ್ದು ಮೂರು ಕಟ್ಟು ಎಂಬುದರಲ್ಲಿ ಸಂಶಯವಿಲ್ಲ. ಗಾಜಿನ ಬಾಟಲಿಯ ಉಪ್ಪಿನಕಾಯಿಯಲ್ಲಿ ಎಚ್ಚರ ಬೇಕು, ಏಕೆಂದರೆ ಒಳಗಿನ ಮಿಡಿಯನ್ನು ಎಷ್ಟೇ ಸರಿಯಾಗಿ ತೂಗಿದರೂ ಬಾಟಲಿಗಳ ತೂಕವೇ ಒಂದರಂತೆ ಇನ್ನೊಂದಿರುವುದಿಲ್ಲ. ಒಂದೇ ಕಡೆಯಿಂದ ಒಂದೇ ಬಗೆಯ ಬಾಟಲಿ ತರಿಸಿಕೊಂಡರೆ ಅದು ಹಿಡಿತಕ್ಕೆ ಬರುತ್ತದೆ.

ತೆಗೆದದ್ದನ್ನು ಬೇರೆ ಜಾಗದಲ್ಲಿಟ್ಟರೆ ಏನಾಗುತ್ತದೆಂದು ಕೇಳಿದ್ದೀರಿ. ಇಡೀ ವಿಷಯದಲ್ಲಿ ಇದೇ ಮುಖ್ಯವಾದ ಪ್ರಶ್ನೆ. 200 ಗ್ರಾಂ ಚಕ್ಕುಲಿಯನ್ನು ತೆಗೆದು 200 ಗ್ರಾಂ ಹಪ್ಪಳದ ತಟ್ಟೆಯಲ್ಲಿಟ್ಟರೆ ತೂಕದ ಲೆಕ್ಕಕ್ಕೆ ಚಕ್ಕುಲಿ ಒಂದು ಹೋಯಿತು, ಹಪ್ಪಳ ಒಂದು ಹೆಚ್ಚಾಯಿತು. ಯಂತ್ರ ಚಕ್ಕುಲಿಗೆ ಹಣ ಕೇಳುತ್ತದೆ. ಅದೇ ಚಕ್ಕುಲಿ 150 ಗ್ರಾಂ ಪೊಟ್ಟಣವಾಗಿದ್ದರೆ, ಹಪ್ಪಳದ ತಟ್ಟೆಯಲ್ಲಿ ಹೆಚ್ಚಾದ 150 ಗ್ರಾಂ ಯಾವ ಹಪ್ಪಳಕ್ಕೂ ಹೊಂದುವುದಿಲ್ಲ. ಇದು ಪಕ್ಕದ ತಟ್ಟೆಯ ಸರಕು ಎಂದು ಯಂತ್ರಕ್ಕೆ ತಿಳಿಯುತ್ತದೆ. ಆದ್ದರಿಂದ ಯಾವ ಎರಡು ನೆರೆಯ ತಟ್ಟೆಗಳಲ್ಲಿಯೂ ಒಂದೇ ತೂಕದ ಸರಕು ಬಾರದಂತೆ ಜೋಡಿಸಿ, ಪೊಟ್ಟಣದ ತೂಕಗಳನ್ನು ಈಗಲೇ ಅದಕ್ಕೆ ತಕ್ಕಂತೆ ನಿರ್ಧರಿಸಿ. ಯಾವ ಪೂರೈಕೆದಾರರೂ ಇದನ್ನು ನಿಮಗಾಗಿ ಮಾಡಿಕೊಡುವುದಿಲ್ಲ. ಸರಕು ತಯಾರಿಸುವವರೂ ಮಾರುವವರೂ ನೀವೇ ಆಗಿರುವುದರಿಂದ, ದೊಡ್ಡ ಅಂಗಡಿಗಳಿಗಿಲ್ಲದ ಈ ಸ್ವಾತಂತ್ರ್ಯ ನಿಮಗಿದೆ.

ಆರ್‌ಎಫ್‌ಐಡಿ ನಿಮ್ಮ ಸರಕಿಗೆ ಬೇಡ. ಬ್ಯಾಟರಿಯಿಲ್ಲದ ಆ ಟ್ಯಾಗು ಓದುವ ಯಂತ್ರದ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹಿಂದಕ್ಕೆ ಹೇಳುತ್ತದೆ. ದ್ರವಗಳು ಆ ಅಲೆಯನ್ನು ಹೀರಿಕೊಳ್ಳುತ್ತವೆ, ಲೋಹ ಅದನ್ನು ಹಿಂದಕ್ಕೆ ತಳ್ಳುತ್ತದೆ. ಶರಬತ್ತಿನ ಬಾಟಲಿ, ಉಪ್ಪಿನಕಾಯಿ, ಒಳಗೆ ಬೆಳ್ಳಿಬಣ್ಣದ ಲೋಹದ ಪದರವಿರುವ ಚಿಪ್ಸ್ ಪೊಟ್ಟಣ, ಎಲ್ಲವೂ ಅದಕ್ಕೆ ಪ್ರತಿಕೂಲ. ಖರ್ಚಿನ ಮಾತೂ ಇದೆ. ಜಪಾನಿನ ದೊಡ್ಡ ಕನ್ವೀನಿಯನ್ಸ್ ಅಂಗಡಿ ಸರಣಿಗಳು ಅಲ್ಲಿನ ಸರ್ಕಾರದೊಂದಿಗೆ ಸೇರಿ, 2025ರ ವೇಳೆಗೆ ವರ್ಷಕ್ಕೆ 10 ಸಾವಿರ ಕೋಟಿ ಟ್ಯಾಗು ಬಳಸುವ ಗುರಿಯನ್ನು 2017ರಲ್ಲಿ ಘೋಷಿಸಿದಾಗ, ಟ್ಯಾಗಿನ ಬೆಲೆ ಒಂದು ಯೆನ್‌ಗೆ ಇಳಿಯಬೇಕೆಂಬ ಷರತ್ತನ್ನೂ ಸೇರಿಸಿದ್ದರು. ಬಟ್ಟೆ ಮಾರುವ ಯುನಿಕ್ಲೋ, ಕ್ರೀಡಾ ಸಾಮಗ್ರಿಯ ಡೆಕಾಥ್ಲಾನ್ ಅಂಗಡಿಗಳಲ್ಲಿ ಬುಟ್ಟಿಯನ್ನು ಪೆಟ್ಟಿಗೆಯೊಳಗೆ ಇಟ್ಟೊಡನೆ ಬಿಲ್ ಬರುವುದು ಇದೇ ಟ್ಯಾಗಿನಿಂದ. ನೂರಾರು ರೂಪಾಯಿಯ ಅಂಗಿ ಆ ಖರ್ಚನ್ನು ತಡೆದುಕೊಳ್ಳುತ್ತದೆ, ಮೂವತ್ತು ರೂಪಾಯಿಯ ಚಿಪ್ಸ್ ತಡೆದುಕೊಳ್ಳುವುದಿಲ್ಲ.

ಬಾರ್‌ಕೋಡನ್ನು ಹಳೆಯದೆಂದು ಬದಿಗೆ ಸರಿಸಬೇಡಿ. 1974ರ ಜೂನ್ 26ರಂದು ಅಮೆರಿಕದ ಓಹಾಯೋದಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದನ್ನು ಸ್ಕ್ಯಾನ್ ಮಾಡಿದಲ್ಲಿಂದ ಇಂದಿನವರೆಗೂ ಅದಕ್ಕಿಂತ ನಂಬಿಕಸ್ಥವಾದ ಗುರುತು ದಿನಸಿ ವ್ಯಾಪಾರಕ್ಕೆ ಸಿಕ್ಕಿಲ್ಲ. ನಮ್ಮಲ್ಲಿನ ಬಾರ್‌ಕೋಡಿನ ಹದಿಮೂರು ಅಂಕಿಗಳಲ್ಲಿ ಕೊನೆಯದು ಉಳಿದ ಹನ್ನೆರಡರಿಂದ ಲೆಕ್ಕ ಹಾಕಿ ಪಡೆದದ್ದು. ಯಾವುದೇ ಒಂದು ಅಂಕಿ ತಪ್ಪಾಗಿ ಓದಲ್ಪಟ್ಟರೆ ಲೆಕ್ಕ ಕೂಡುವುದಿಲ್ಲ, ಯಂತ್ರ ತಿರಸ್ಕರಿಸುತ್ತದೆ. ಕಂಪನಿ ಮಾಲಿನ ಮೇಲೆ 890ರಿಂದ ಆರಂಭವಾಗುವ ಸಂಖ್ಯೆ ಕಂಡಿರುತ್ತೀರಿ, ಅದು ಬಾರ್‌ಕೋಡ್ ಸಂಖ್ಯೆಗಳನ್ನು ಹಂಚುವ ಜಿಎಸ್1 ಇಂಡಿಯಾ ಸಂಸ್ಥೆ ಕೊಡುವಂಥದ್ದು. ನಿಮ್ಮ ಮಳಿಗೆಯೊಳಗೆ ಮಾತ್ರ ಬಳಸುವುದಾದರೆ 2ರಿಂದ ಆರಂಭವಾಗುವ ಸಂಖ್ಯೆಗಳನ್ನು ನೀವೇ ಕೊಟ್ಟುಕೊಳ್ಳಬಹುದು. ಹೊರಗಿನ ಅಂಗಡಿಗಳಿಗೂ ಸರಕು ಕಳುಹಿಸುವ ಯೋಚನೆಯಿದ್ದರೆ ನೋಂದಣಿ ಮಾಡಿಸಿಕೊಳ್ಳಿ. ಹಗಲಿನ ಬಿಲ್ಲಿಂಗಿಗೂ ಸ್ಟಾಕ್ ಲೆಕ್ಕಕ್ಕೂ ಇದೇ ಸಂಖ್ಯೆ ಸಾಕು.

ಲೇಬಲ್ಲಿನಲ್ಲಿ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ದೂರು ಹೇಳಬೇಕಾದ ಸಂಪರ್ಕ ಇವು 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಇರಲೇಬೇಕು. ಆಹಾರವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಬೇಕು. ಬಿಡಿ ಸರಕನ್ನು ತೂಗಿ ಮಾರುವ ಯೋಚನೆಯನ್ನು ರಾತ್ರಿಯ ಬೀರುವಿನಲ್ಲಿ ಮಾಡಬೇಡಿ: ತೂಕದ ಮೇಲೆ ಬೆಲೆ ಕಟ್ಟುವ ಯಾವುದೇ ತಕ್ಕಡಿಯನ್ನು 2009ರ ಕಾಯ್ದೆಯಂತೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷಿಸಿ ಮುದ್ರೆ ಹಾಕಿಸಬೇಕಾಗುತ್ತದೆ. ಮೊದಲೇ ಕಟ್ಟಿದ ಪೊಟ್ಟಣಗಳನ್ನು ಎಣಿಸುವುದಕ್ಕೆ ಮಾತ್ರ ಲೋಡ್ ಸೆಲ್ ಬಳಸುತ್ತಿದ್ದೇವೆ ಎಂಬುದನ್ನೂ ಅವರ ಕಚೇರಿಗೆ ಹೋಗಿ ಮುಂಚಿತವಾಗಿ ತಿಳಿಸಿ ಬರುವುದು ಒಳ್ಳೆಯದು.

ಮಲ್ಪೆ_ತಂತ್ರಜ್ಞ

ಶೀತಲಪೆಟ್ಟಿಗೆ, ತಕ್ಕಡಿಗಳ ದುರಸ್ತಿ ನನ್ನ ವೃತ್ತಿ. ಮೇಲಿನ ಇಬ್ಬರೂ ಹೇಳದೇ ಉಳಿದದ್ದು ನಮ್ಮ ಕರಾವಳಿಯ ಹವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತಂಪು ಬೀರುವಿನ ಬಾಗಿಲು ತೆರೆದ ಕೂಡಲೇ ಗಾಜಿಗೂ ಕ್ಯಾಮೆರಾದ ಮಸೂರಕ್ಕೂ ಮಂಜು ಕವಿಯುತ್ತದೆ. ಆ ಕ್ಷಣದಲ್ಲಿ ತೆಗೆದ ಚಿತ್ರದಿಂದ ಏನೂ ಗೊತ್ತಾಗುವುದಿಲ್ಲ. ಹಾಲು ಮೊಸರಿನ ಬೀರುವಿಗೆ ತೂಕವನ್ನೇ ಪ್ರಧಾನವಾಗಿ ನಂಬಿ, ಚಿತ್ರವನ್ನು ಬಾಗಿಲು ಮುಚ್ಚಿ ಮಂಜು ಕರಗಿದ ಮೇಲೆ ತೆಗೆಯುವಂತೆ ಹೇಳಿ.

ಲೋಡ್ ಸೆಲ್ಲಿಗೂ ಶಾಖ ಬದಲಾದಂತೆ ಓದು ಸ್ವಲ್ಪ ಸ್ವಲ್ಪವಾಗಿ ಸರಿಯುವ ಗುಣವಿದೆ. ಬಹಳ ಹೊತ್ತು ಭಾರ ಹೊತ್ತಿದ್ದರೂ ಹಾಗೆಯೇ. ಬೆಳಗಿನ ತೂಕವನ್ನು ರಾತ್ರಿಯ ತೂಕದೊಂದಿಗೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣಬಹುದು. ಪ್ರತಿ ಸಲ ಬೀಗ ತೆರೆಯುವ ಮುನ್ನದ ಓದನ್ನೂ ಮುಚ್ಚಿದ ಮೇಲಿನ ಓದನ್ನೂ ಮಾತ್ರ ಹೋಲಿಸಿದರೆ ಆ ದೋಷ ಬಹುಮಟ್ಟಿಗೆ ತಪ್ಪುತ್ತದೆ. ತಟ್ಟೆಯ ಅಡಿಯ ತಂತಿಗಳ ಜೋಡಣೆಗೆ ಉಪ್ಪುಗಾಳಿ ತಾಗದಂತೆ ಮುಚ್ಚಿಗೆ ಇರಬೇಕು. ಸರಕನ್ನು ರಟ್ಟಿನ ಪೆಟ್ಟಿಗೆಯ ಸಮೇತ ತಟ್ಟೆಯಲ್ಲಿಡಬೇಡಿ, ಮಳೆಗಾಲದಲ್ಲಿ ರಟ್ಟು ತೇವ ಹೀರಿ ಭಾರವಾಗುತ್ತದೆ. ಇರುವೆಗೂ ಹಲ್ಲಿಗೂ ದಾರಿಯಿಲ್ಲದಂತೆ ಬೀರುವಿನ ಸಂದುಗಳನ್ನು ಮುಚ್ಚಿಸಿ. ಮಸೂರದ ಮೇಲೆ ಕುಳಿತ ಹಲ್ಲಿ ರಾತ್ರಿಯಿಡೀ ಲೆಕ್ಕ ಕೆಡಿಸಬಲ್ಲದು.

ಮಳೆಗಾಲದ ಮೊದಲ ಗುಡುಗಿಗೆ ಕರೆಂಟು ಹೋದರೆ ಬೀಗ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಎಂಬುದನ್ನು ಪೂರೈಕೆದಾರರಲ್ಲಿ ಬರವಣಿಗೆಯಲ್ಲಿ ಕೇಳಿ. ಯುಪಿಎಸ್ ಇರಲಿ, ಸಿಡಿಲಿನ ರಕ್ಷಣೆ ಇರಲಿ, ಎರಡು ಬೇರೆ ಕಂಪನಿಗಳ ಸಿಮ್ ಇರಲಿ. ಇಂಟರ್ನೆಟ್ ಇಲ್ಲದಾಗ ಹೊಸದಾಗಿ ಬಾಗಿಲು ತೆರೆಯಬಾರದು. ಆದರೆ ಆಗಲೇ ತೆರೆದಿರುವವರ ಲೆಕ್ಕ ಬೀರುವಿನ ನೆನಪಿನಲ್ಲಿಯೇ ಉಳಿದು ಅನಂತರ ರವಾನೆಯಾಗಬೇಕು.

ಪುನರ್ಪುಳಿ_ಉಡುಪಿ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಪೊಟ್ಟಣದ ತೂಕಗಳನ್ನೂ ಬಣ್ಣದ ಪಟ್ಟಿಯನ್ನೂ ನಾವೇ ನಿರ್ಧರಿಸಬಹುದೆಂಬುದು ನಮಗೆ ಹೊಳೆದೇ ಇರಲಿಲ್ಲ. ಈ ಕೆಲಸಕ್ಕೆ ಸದಸ್ಯೆಯರು ತಕ್ಷಣ ಒಪ್ಪುತ್ತಾರೆ. ಇನ್ನೆರಡು ಮಾತು ಕೇಳಬೇಕಾಗಿದೆ. ಯಂತ್ರಕ್ಕೆ ಸಂಶಯ ಬಂದಾಗ ಯಾರ ಪರವಾಗಿ ತೀರ್ಮಾನವಾಗಬೇಕು? ರಾತ್ರಿ ಬರುವವರಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರೂ ಇರುತ್ತಾರೆ, ಅವರನ್ನು ಬಾಗಿಲ ಹೊರಗೆ ನಿಲ್ಲಿಸುವುದಕ್ಕೆ ನಮ್ಮ ಮನಸ್ಸು ಒಪ್ಪುವುದಿಲ್ಲ.

ಕದ್ರಿ_ಇಂಜಿನಿಯರ್

ಎರಡೂ ಸರಿಯಾದ ಪ್ರಶ್ನೆಗಳು. ಮೊದಲನೆಯದಕ್ಕೆ ನನ್ನ ಉತ್ತರ ಇದು: ತಪ್ಪುಗಳಲ್ಲಿ ಎರಡು ಬಗೆ, ಅವನ್ನು ಒಂದೇ ಅಂಕಿಯಲ್ಲಿ ಬೆರೆಸಬಾರದು. ತೆಗೆದ ಸರಕಿಗೆ ಹಣ ಬೀಳದೇ ಹೋಗುವುದು ಒಂದು ಬಗೆ. ತೆಗೆಯದ ಸರಕಿಗೆ ಹಣ ಕಡಿತವಾಗುವುದು ಇನ್ನೊಂದು. ಮೊದಲನೆಯದರಿಂದ ನಿಮಗೆ ಕೆಲವು ರೂಪಾಯಿ ನಷ್ಟ. ಎರಡನೆಯದರಿಂದ, ರೋಗಿಯ ಪಕ್ಕ ನಿದ್ದೆಗೆಟ್ಟು ಕುಳಿತ ಒಬ್ಬರಿಗೆ ಮೋಸ ಹೋದೆನೆಂಬ ಭಾವನೆ ಬರುತ್ತದೆ, ಅವರು ಮತ್ತೆಂದೂ ನಿಮ್ಮ ಬೀರುವಿನ ಮುಂದೆ ನಿಲ್ಲುವುದಿಲ್ಲ. ಪೂರೈಕೆದಾರರು ಶೇಕಡಾ ಇಷ್ಟು ನಿಖರತೆ ಎಂದು ಒಂದೇ ಸಂಖ್ಯೆ ಹೇಳಿದರೆ, ಈ ಎರಡನ್ನು ಬೇರ್ಪಡಿಸಿ ಹೇಳುವಂತೆ ಒತ್ತಾಯಿಸಿ.

ತೂಕ ಹೇಳುವುದೂ ಚಿತ್ರ ಹೇಳುವುದೂ ಒಂದೇ ಆಗಿದ್ದರೆ ಮಾತ್ರ ಹಣ ತಾನಾಗಿ ಕಡಿತವಾಗಲಿ. ಅವು ಹೊಂದದಿದ್ದರೆ ಎರಡರಲ್ಲಿ ಕಡಿಮೆ ಮೊತ್ತವನ್ನು ಮಾತ್ರ ಪಡೆದು, ಉಳಿದದ್ದನ್ನು ಬೆಳಿಗ್ಗೆ ನಿಮ್ಮವರೊಬ್ಬರು ಚಿತ್ರಗಳನ್ನು ನೋಡಿ ತೀರ್ಮಾನಿಸಲಿ. ಜಪಾನಿನ ಬೇಕರಿಗಳಲ್ಲಿ ತಟ್ಟೆಯ ಮೇಲಿನ ಬನ್ನುಗಳನ್ನು ಕ್ಯಾಮೆರಾದಿಂದ ಗುರುತಿಸುವ ಬೇಕರಿ ಸ್ಕ್ಯಾನ್ ಎಂಬ ಯಂತ್ರ ವರ್ಷಗಳಿಂದ ಬಳಕೆಯಲ್ಲಿದೆ. ಹೊದಿಕೆಯಿಲ್ಲದ, ಒಂದರಂತೆ ಇನ್ನೊಂದಿರದ ತಿನಿಸನ್ನು ಗುರುತಿಸುವ ಆ ಯಂತ್ರ ಯಶಸ್ಸು ಕಂಡದ್ದಕ್ಕೆ ಒಂದು ಮುಖ್ಯ ಕಾರಣ, ತನಗೆ ಖಚಿತವಿಲ್ಲದಾಗ ಸುಮ್ಮನೆ ಊಹಿಸದೆ ಕೌಂಟರಿನಲ್ಲಿರುವವರನ್ನು ಕೇಳುವುದು. ನಿಮ್ಮಲ್ಲಿ ರಾತ್ರಿ ಕೌಂಟರ್ ಇಲ್ಲದಿರುವುದರಿಂದ ಆ ಪ್ರಶ್ನೆ ಬೆಳಿಗ್ಗೆಯವರೆಗೆ ಕಾಯಲಿ.

ಹಣದ ಕ್ರಮಕ್ಕೆ ಯುಪಿಐಯಲ್ಲಿಯೇ ದಾರಿಯಿದೆ. 2018ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ, ಒಂದು ಮೊತ್ತವನ್ನು ಗ್ರಾಹಕರ ಖಾತೆಯಲ್ಲಿ ತಡೆಹಿಡಿದು ಅನಂತರ ಪಡೆಯುವ ಒಂದು ಬಾರಿಯ ಅನುಮತಿಯ ವ್ಯವಸ್ಥೆ ಇದೆ. ಬಾಗಿಲು ತೆರೆಯುವ ಮುನ್ನ ಒಂದು ಮಿತಿಯ ಮೊತ್ತಕ್ಕೆ ಅನುಮತಿ ಪಡೆದು, ಮುಚ್ಚಿದ ಮೇಲೆ ತೆಗೆದ ಸರಕಿನ ಬೆಲೆಯನ್ನಷ್ಟೇ ಪಡೆಯಬಹುದೇ, ಉಳಿದದ್ದು ಎಷ್ಟು ಹೊತ್ತಿಗೆ ಬಿಡುಗಡೆಯಾಗುತ್ತದೆ ಎಂಬುದನ್ನು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಫೋನ್ ಇಲ್ಲದವರಿಗೆ, ಹಗಲು ನಿಮ್ಮ ಕೌಂಟರಿನಲ್ಲಿ ನಗದು ಕೊಟ್ಟು ಪಡೆಯುವ ಮುಂಗಡ ಕಾರ್ಡೊಂದನ್ನು ಮಾಡಿ. ಬಾಗಿಲಿಗೆ ಕಾರ್ಡ್ ತಾಗಿಸಿದರೆ ಸಾಕು. ಊರಿಗೆ ಹೊರಡುವಾಗ ಉಳಿದ ಹಣವನ್ನು ಮರಳಿ ಕೊಡುವ ನಿಯಮವನ್ನು ಕಾರ್ಡಿನ ಮೇಲೆಯೇ ಮುದ್ರಿಸಿ.

ಹಂಪನಕಟ್ಟ_ವ್ಯಾಪಾರಿ

ಒಂದು ಮಾತು ಸೇರಿಸುತ್ತೇನೆ. ಬೀರುವನ್ನು ಖರೀದಿಸುವ ಮುನ್ನ ಬಾಡಿಗೆಗೆ ತರಿಸಿ, ಹಗಲಿನಲ್ಲಿ ನಿಮ್ಮ ಸದಸ್ಯೆಯರ ಕಣ್ಣೆದುರೇ ಇಟ್ಟು ನಡೆಸಿ. ಎರಡು ಪೊಟ್ಟಣ ಒಟ್ಟಿಗೆ ತೆಗೆಯಲಿ, ಒಂದನ್ನು ಬೇರೆ ತಟ್ಟೆಯಲ್ಲಿಡಲಿ, ಅರ್ಧ ಬಾಗಿಲು ಮುಚ್ಚಿ ಮತ್ತೆ ತೆರೆಯಲಿ, ಮಕ್ಕಳ ಕೈಗೆ ಕೊಡಲಿ. ನಡೆದದ್ದನ್ನು ಕಾಗದದಲ್ಲಿ ಬರೆದುಕೊಂಡು ಯಂತ್ರದ ಬಿಲ್ಲಿನೊಂದಿಗೆ ತಾಳೆ ನೋಡಿ. ಮಳೆಗಾಲದಲ್ಲಿಯೇ ಈ ಪರೀಕ್ಷೆ ಮಾಡಿ ಎಂದು ಮಲ್ಪೆಯವರೂ ಹೇಳುತ್ತಾರೆಂದು ನಂಬುತ್ತೇನೆ.

ಪುನರ್ಪುಳಿ_ಉಡುಪಿ

ಹಾಗೆಯೇ ಮಾಡುತ್ತೇವೆ. ಬೀಗದ ಸ್ಥಿತಿ, ಎರಡು ಬಗೆಯ ತಪ್ಪುಗಳ ಪ್ರತ್ಯೇಕ ಲೆಕ್ಕ, ಬಾಡಿಗೆಯ ಷರತ್ತು, ಈ ಮೂರನ್ನು ಪೂರೈಕೆದಾರರಿಗೆ ಪತ್ರದಲ್ಲಿ ಬರೆದು ಕೇಳುತ್ತೇನೆ. ಬೀರುವಿಗೆ ಮೊದಲು ಒಣ ಸರಕನ್ನು ಮಾತ್ರ ಹಾಕಿ, ಹಾಲು ಮೊಸರನ್ನು ಸದ್ಯಕ್ಕೆ ಹಗಲಿನ ಕೌಂಟರಿಗೇ ಬಿಡುತ್ತೇವೆ. ಚಕ್ಕುಲಿ 150 ಗ್ರಾಂ, ಹಪ್ಪಳ 200 ಗ್ರಾಂ, ಪುಡಿಗಳಲ್ಲಿ ಒಂದು 100, ಇನ್ನೊಂದು 125 ಗ್ರಾಂ ಎಂದು ಸಭೆಯ ಮುಂದಿಡಲು ಪಟ್ಟಿ ಮಾಡಿದ್ದೇನೆ. ಪೂರೈಕೆದಾರರ ಉತ್ತರ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.